ಸುಲಭವಾದ ಮುಳುಗು ಯಾವುದು?

ಹಿಂದೆ ರಜೆ ಬಂತೆಂದರೆ ನಮ್ಮ ಪಟ್ಟಣಗಳ ಸಂಸಾರಗಳು ಊಟಿಗೆ ಹೋಗುತ್ತಿದ್ದವು. ಇಲ್ಲವೆ ಧರ್ಮಸ್ಥಳಕ್ಕೆ ಹೋಗಿ ಹಾಗೆಯೇ ಮಂಗಳೂರಿನ ಸಮುದ್ರ ನೋಡಿಕೊಂಡು ಬರುತ್ತಿದ್ದವು. ಈಗ ಬೆಳಗಿನ ಕಾಫಿಯನ್ನು ಬೆಂಗಳೂರಿನಲ್ಲಿ ಕುಡಿದವರು ಮಧ್ಯಾಹ್ನದ ಊಟಕ್ಕೆ ಅಂಡಮಾನಿನಲ್ಲಿರುತ್ತಾರೆ. ಅಲ್ಲಿಗೆ ಹೋದ ಮೇಲೆ ಸಮುದ್ರವನ್ನು ದಡದಲ್ಲಿ ನಿಂತು ನೋಡಿದರೆ ಸಾಲದು ಎನ್ನುವ ಕಾಲ ಇದು. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು, ಮುಖಕ್ಕೆ ಗಾಜಿನ ಮುಖವಾಡ ಹಾಕಿಕೊಂಡು, ನೀರಿನೊಳಕ್ಕೇ ಇಳಿದು ಹವಳದ ದಿಬ್ಬಗಳನ್ನೂ ಬಣ್ಣದ ಮೀನುಗಳನ್ನೂ ನೋಡಿ ಬರಬೇಕು. ಇದಕ್ಕೆ ಸ್ಕೂಬಾ ಎಂದು ಹೆಸರು.

ಹೀಗೆ ಒಂದು ಸಲ ಇಳಿದು ಬರುವುದನ್ನು ಅಲ್ಲಿಯವರು ‘ಡೈವ್’ ಎನ್ನುತ್ತಾರೆ. ನಾವು ಮುಳುಗು ಎಂದು ಕರೆಯೋಣ. ಮುಳುಗುವುದೆಂದರೆ ನಮ್ಮ ಭಾಷೆಯಲ್ಲಿ ಅಷ್ಟೇನೂ ಶುಭದ ಮಾತಲ್ಲ. ವ್ಯಾಪಾರ ಮುಳುಗುತ್ತದೆ, ಬ್ಯಾಂಕು ಮುಳುಗುತ್ತದೆ, ಸಾಲ ಮಾಡಿದವನ ಮನೆ ಮುಳುಗುತ್ತದೆ. ಮುಳುಗಿಯೂ ನಗುನಗುತ್ತ ಮೇಲೆ ಬರುವ ವಿದ್ಯೆಯೊಂದು ಉಂಟು ಎಂಬುದು ನಮ್ಮಲ್ಲಿ ಅನೇಕರಿಗೆ ಹೊಸ ಸಂಗತಿ.

ದ್ವೀಪದಲ್ಲಿ ಮುಳುಗಿಸುವ ಅಂಗಡಿಗಳು ಹಲವು ಇವೆ. ಅಂಗಡಿಯ ಮುಂದಿನ ಹಲಗೆಯ ಮೇಲೆ ಹತ್ತಾರು ಜಾಗಗಳ ಹೆಸರು ಬರೆದಿರುತ್ತದೆ. ಅದನ್ನು ನೋಡಿ ನಮ್ಮವರು ಕೇಳುವ ಮೊದಲ ಪ್ರಶ್ನೆ, ‘ಇವುಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿರುವುದು ಯಾವುದು?’ ಎಂಬುದು. ‘ನನಗೆ ಸುಲಭವಾದದ್ದು ಯಾವುದು?’ ಎಂದು ಕೇಳುವವರು ಕಡಿಮೆ. ಹಾಗೆ ಕೇಳುವುದಕ್ಕೆ ಒಂದು ನಾಚಿಕೆ. ಅಷ್ಟು ದೂರ ಬಂದು, ಅಷ್ಟು ಹಣ ಕೊಟ್ಟು, ಸುಲಭದ್ದನ್ನು ಕೇಳಿದರೆ ಪಕ್ಕದಲ್ಲಿ ನಿಂತಿರುವ ಕಾಲೇಜು ಹುಡುಗ ಏನೆಂದುಕೊಂಡಾನು! ಆದರೆ ಹೊಸಬರ ಮಟ್ಟಿಗೆ ಈ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ. ಸುಲಭವಾದ ಮುಳುಗೇ ಚೆನ್ನಾದ ಮುಳುಗು. ಇದನ್ನು ಸಮಾಧಾನಕ್ಕಾಗಿ ಹೇಳುತ್ತಿಲ್ಲ, ಇದಕ್ಕೆ ಕಾರಣಗಳಿವೆ. ಅವನ್ನು ಒಂದೊಂದಾಗಿ ನೋಡೋಣ.

ಮೊದಲು ಸಲಕರಣೆಯ ಮಾತು. ಇಂದಿನ ಸ್ಕೂಬಾದ ಮೂಲರೂಪವನ್ನು ೧೯೪೩ರಲ್ಲಿ ಫ್ರಾನ್ಸಿನಲ್ಲಿ ಇಬ್ಬರು ಸಿದ್ಧಪಡಿಸಿದರು. ಒಬ್ಬರು ನೌಕಾಪಡೆಯ ಅಧಿಕಾರಿ ಜಾಕ್ ಕುಸ್ತೊ, ಇನ್ನೊಬ್ಬರು ಇಂಜಿನಿಯರ್ ಎಮಿಲ್ ಗಾನ್ಯಾನ್. ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿಯನ್ನು, ನಾವು ಉಸಿರೆಳೆದಾಗ ಮಾತ್ರ, ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾಗಿ ಬಾಯಿಗೆ ಕೊಡುವ ಕವಾಟವೇ ಅವರ ಸಾಧನೆ. ಸಿಲಿಂಡರಿನಲ್ಲಿರುವುದು ಆಮ್ಲಜನಕ ಎಂದು ಬಹಳ ಮಂದಿ ತಿಳಿದಿದ್ದಾರೆ. ಸಾಮಾನ್ಯವಾಗಿ ಅದರಲ್ಲಿರುವುದು ನಾವು ನೀವು ಉಸಿರಾಡುವ ಈ ಗಾಳಿಯೇ. ತೇವವನ್ನೂ ಕಸವನ್ನೂ ಸೋಸಿ ತುಂಬಿರುತ್ತಾರೆ, ಅಷ್ಟೆ.

ಇನ್ನು ಒತ್ತಡದ ಲೆಕ್ಕ. ಇದು ಬಹಳ ಸರಳ. ದಡದ ಮೇಲೆ ನಮ್ಮ ಮೈಮೇಲೆ ಇರುವುದು ಒಂದು ವಾಯುಮಂಡಲದ ಒತ್ತಡ. ಸಮುದ್ರದಲ್ಲಿ ೧೦ ಮೀಟರು, ಎಂದರೆ ಸುಮಾರು ೩೩ ಅಡಿ ಇಳಿದರೆ ಅದು ಎರಡರಷ್ಟಾಗುತ್ತದೆ. ೨೦ ಮೀಟರಿಗೆ ಮೂರರಷ್ಟು, ೩೦ಕ್ಕೆ ನಾಲ್ಕರಷ್ಟು. ಒತ್ತಡ ಹೆಚ್ಚಿದಷ್ಟೂ ಒಂದೊಂದು ಉಸಿರಿಗೆ ಹೆಚ್ಚು ಗಾಳಿ ಬೇಕು. ಸಾಮಾನ್ಯವಾದ ಒಂದು ಸಿಲಿಂಡರು ೧೧ ಲೀಟರಿನದು. ಅದರಲ್ಲಿ ೨೦೦ ಪಟ್ಟು ಒತ್ತಿ ಗಾಳಿ ತುಂಬಿರುತ್ತಾರೆ. ಕಾಲುಭಾಗವನ್ನು ಆಪತ್ತಿಗೆಂದು ಮೀಸಲಿಟ್ಟರೆ ಬಳಸಲು ಸಿಗುವುದು ೧೬೫೦ ಲೀಟರು. ದಡದಲ್ಲಿ ನಿಮಿಷಕ್ಕೆ ೨೦ ಲೀಟರು ಸೇದುವವನಿಗೆ ಇದು ೫ ಮೀಟರಿನಲ್ಲಿ ೫೫ ನಿಮಿಷ ಬರುತ್ತದೆ, ೧೦ ಮೀಟರಿನಲ್ಲಿ ಸುಮಾರು ೪೧ ನಿಮಿಷ. ೨೦ ಮೀಟರಿನಲ್ಲಿ ೨೭ ನಿಮಿಷ, ೩೦ ಮೀಟರಿನಲ್ಲಿ ೨೦ ನಿಮಿಷ. ಹೊಸಬನು ಗಾಬರಿಯಲ್ಲಿ ಇದರ ಎರಡರಷ್ಟು ಸೇದಿದರೂ ಆಶ್ಚರ್ಯವಿಲ್ಲ. ಆಗ ಮೂವತ್ತು ಮೀಟರಿನಲ್ಲಿ ಅವನಿಗೆ ಸಿಗುವುದು ಹತ್ತೇ ನಿಮಿಷ. ಅದರಲ್ಲಿ ಇಳಿಯುವುದು ಏರುವುದು ಎರಡೂ ಸೇರಿದವು. ಇಷ್ಟು ಹಣ ಕೊಟ್ಟವರು ಹತ್ತು ನಿಮಿಷ ನೋಡುವುದು ಲಾಭವೋ, ಮುಕ್ಕಾಲು ಗಂಟೆ ನೋಡುವುದು ಲಾಭವೋ, ನೀವೇ ಹೇಳಿ.

ಬಣ್ಣದ ಮಾತು ಇದಕ್ಕಿಂತ ಸ್ವಾರಸ್ಯವಾದದ್ದು. ನೀರು ಬೆಳಕನ್ನು ನುಂಗುತ್ತದೆ. ಆದರೆ ಎಲ್ಲ ಬಣ್ಣಗಳನ್ನೂ ಒಂದೇ ಸಮನಾಗಿ ನುಂಗುವುದಿಲ್ಲ. ಮೊದಲು ಹೋಗುವುದು ಕೆಂಪು. ೫ ಮೀಟರು ಇಳಿಯುವಷ್ಟರಲ್ಲಿಯೇ ಕೆಂಪು ಮಂಕಾಗುತ್ತದೆ. ಅದರ ಕೆಳಗೆ ಕಿತ್ತಳೆ, ಆಮೇಲೆ ಹಳದಿ ಕ್ರಮವಾಗಿ ಮಾಸುತ್ತವೆ. ಇಪ್ಪತ್ತೈದು ಮೂವತ್ತು ಮೀಟರಿನಲ್ಲಿ ಲೋಕವೆಲ್ಲ ನೀಲಿ ಬೂದು. ಅಲ್ಲಿ ಬಣ್ಣ ನೋಡಬೇಕಾದರೆ ಕೈಯಲ್ಲಿ ಟಾರ್ಚು ಹಿಡಿಯಬೇಕು. ಸೂರ್ಯನ ಬೆಳಕನ್ನು ನಂಬಿ ಬದುಕುವ ಹವಳಗಳೂ, ಅವುಗಳ ನಡುವೆ ಓಡಾಡುವ ಬಣ್ಣಬಣ್ಣದ ಮರಿಮೀನುಗಳೂ ಹೆಚ್ಚಾಗಿ ಇರುವುದು ಮೇಲಿನ ಹತ್ತು ಹದಿನೈದು ಮೀಟರಿನಲ್ಲಿ. ಆಳಕ್ಕೆ ಹೋಗುವವರು ಹುಡುಕುವುದು ಬೇರೆ ವಸ್ತುಗಳನ್ನು: ದೊಡ್ಡ ಮೀನಿನ ಹಿಂಡು, ಮುಳುಗಿದ ಹಡಗು, ಬಂಡೆಯ ಕೋಡುಗಲ್ಲು. ಆ ರುಚಿ ಆಮೇಲೆ ಬರುವಂಥದು. ಮೊದಲ ಸಲದವರಿಗೆ ಹೂದೋಟವಿರುವುದು ಮೆಟ್ಟಿಲಿನ ಹತ್ತಿರವೇ.

ಹಾಗಾದರೆ ಆಳ ಕಡಿಮೆಯಾದರೆ ಅಪಾಯವೇ ಇಲ್ಲವೆ? ಇದೆ. ಈ ಮಾತನ್ನು ಮರೆಮಾಚಬಾರದು. ಒತ್ತಡ ಎರಡರಷ್ಟಾಗುವುದು ಮೊದಲ ಹತ್ತು ಮೀಟರಿನಲ್ಲಿಯೇ ಎಂಬುದನ್ನು ನೆನಪಿಡಿ. ೧೦ ಮೀಟರಿನ ಕೆಳಗೆ ಎದೆತುಂಬ ಉಸಿರೆಳೆದು, ಅದನ್ನು ಬಿಡದೆ ಹಿಡಿದು ಮೇಲೆ ಬಂದರೆ, ಆ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟಾಗಲು ಹವಣಿಸುತ್ತದೆ. ಪುಪ್ಪುಸಕ್ಕೆ ಅಷ್ಟು ಜಾಗವಿಲ್ಲ. ಒಂದೂವರೆ ಮೀಟರು ಏರುವಷ್ಟರಲ್ಲಿಯೇ ಅದಕ್ಕೆ ಪೆಟ್ಟಾಗಬಹುದು. ಆದುದರಿಂದಲೇ ಈ ವಿದ್ಯೆಯ ಮೊದಲ ಪಾಠ, ಉಸಿರನ್ನು ಎಂದಿಗೂ ಹಿಡಿಯಬಾರದು ಎಂಬುದು. ಕೆರೆಯಲ್ಲಿ ಈಜು ಕಲಿತವರಿಗೆ ಇದು ತಲೆಕೆಳಗಾದ ಪಾಠ. ನಾವು ಕಲಿತದ್ದೇ ಉಸಿರು ಹಿಡಿದು ಮುಳುಗುವುದನ್ನು. ಇಲ್ಲಿ ಮಾತ್ರ ನಿಧಾನವಾಗಿ ಎಳೆಯಬೇಕು, ನಿಧಾನವಾಗಿ ಬಿಡಬೇಕು, ನಿಲ್ಲಿಸಬಾರದು. ಮೇಲೇರುವುದೂ ನಿಧಾನವೇ; ನಿಮಿಷಕ್ಕೆ ೯ ಮೀಟರಿಗಿಂತ ವೇಗ ಕೂಡದು.

ಎರಡನೆಯದು ಕಿವಿ. ಒತ್ತಡ ಹೆಚ್ಚಿದಂತೆ ಕಿವಿಯ ತಮಟೆ ಒಳಕ್ಕೆ ಬಾಗುತ್ತದೆ. ಮೂಗನ್ನು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದಿದರೆ ಮಧ್ಯಕಿವಿಗೆ ಗಾಳಿ ಹೋಗಿ ಸಮವಾಗುತ್ತದೆ. ಇಟಲಿಯ ಅಂಗರಚನಾಶಾಸ್ತ್ರಜ್ಞ ಆಂಟೋನಿಯೊ ವಾಲ್ಸಾಲ್ವಾ (೧೬೬೬–೧೭೨೩) ಅವರ ಹೆಸರು ಈ ಕ್ರಮಕ್ಕೆ ನಿಂತಿದೆ. ಒಂದೆರಡು ಅಡಿ ಇಳಿದಂತೆಲ್ಲ, ನೋವು ಬರುವುದಕ್ಕೆ ಮುಂಚೆಯೇ, ಇದನ್ನು ಮಾಡುತ್ತಿರಬೇಕು. ನೋವು ಬಂದರೆ ನಿಂತು, ಸ್ವಲ್ಪ ಮೇಲೇರಿ, ಮತ್ತೆ ಊದಬೇಕು. ಶೀತವಾಗಿ ಮೂಗು ಕಟ್ಟಿದ್ದರೆ ಗಾಳಿ ಹೋಗುವುದಿಲ್ಲ. ಔಷಧ ಹಾಕಿ ಮೂಗು ಬಿಡಿಸಿಕೊಂಡು ಇಳಿದರೂ, ಮದ್ದಿನ ಗುಣ ನೀರಿನಲ್ಲಿರುವಾಗಲೇ ಇಳಿದುಹೋಗಿ, ಮೇಲೆ ಬರುವಾಗ ಒಳಗಿನ ಗಾಳಿ ಸಿಕ್ಕಿಕೊಳ್ಳಬಹುದು. ಶೀತದ ದಿನ ಸುಲಭವಾದ ಮುಳುಗು ಎಂಬುದೇ ಇಲ್ಲ.

ಒಂದು ಸಲ ದೋಣಿಯಲ್ಲಿ ನನ್ನ ಎದುರಿಗೆ ನಮ್ಮ ಕಡೆಯ ದಂಪತಿಗಳು ಕುಳಿತಿದ್ದರು; ಇಬ್ಬರಿಗೂ ಐವತ್ತರ ಆಸುಪಾಸು. ಗಂಡ ಮೂಗೊರೆಸಿಕೊಳ್ಳುತ್ತ ಸಲಕರಣೆ ಕಟ್ಟಿಕೊಳ್ಳುತ್ತಿದ್ದರು.

‘ರೀ, ರಾತ್ರಿಯೆಲ್ಲ ಮೂಗು ಕಟ್ಟಿ ಒದ್ದಾಡಿದ್ದೀರಿ. ಇವತ್ತು ಬೇಡ’ ಎಂದರು ಹೆಂಡತಿ.

‘ದುಡ್ಡು ಕೊಟ್ಟಾಗಿದೆ ಕಣೇ. ವಾಪಸ್ಸು ಕೊಡ್ತಾರೇನು?’

‘ಕೊಡದಿದ್ದರೆ ಹೋಗಲಿ. ಊರಿಗೆ ಹೋದ ಮೇಲೆ ಕಿವಿ ಡಾಕ್ಟರಿಗೆ ಕೊಡೋದು ಅದಕ್ಕಿಂತ ಹೆಚ್ಚಾಗುತ್ತೆ.’

ಮಾತು ತಿಳಿಯದಿದ್ದರೂ ಬೋಧಕನಿಗೆ ಸಂಗತಿ ತಿಳಿಯಿತು. ದೋಣಿಯಲ್ಲಿಯೇ ಮೂಗು ಹಿಡಿದು ಊದಲು ಹೇಳಿದ. ಎಡಗಿವಿ ತೆರೆಯಲಿಲ್ಲ. ಅಲ್ಲಿಗೆ ತೀರ್ಮಾನವಾಯಿತು. ಗಂಡ ಮುಖ ಊದಿಸಿಕೊಂಡು ದೋಣಿಯಲ್ಲಿ ಕುಳಿತರು. ಹೆಂಡತಿ ಬೋಧಕನ ಕೈ ಹಿಡಿದು ಇಳಿದರು. ಮೂವತ್ತೈದು ನಿಮಿಷದ ಮೇಲೆ ಬಂದವರು ಮೊದಲು ಹೇಳಿದ ಮಾತು, ‘ನೆಲ ಕಾಣಿಸ್ತಾ ಇತ್ತು ರೀ. ಅದಕ್ಕೇ ನನಗೆ ಭಯ ಆಗಲಿಲ್ಲ’ ಎಂಬುದು. ಮೂರು ದಿನ ಕಳೆದು ಮೂಗು ಸರಿಯಾದ ಮೇಲೆ ಗಂಡನೂ ಇಳಿದು ಬಂದರೆಂದು ಆಮೇಲೆ ತಿಳಿಯಿತು.

ಆಕೆ ಹೇಳಿದ ಆ ಮಾತಿನಲ್ಲಿ ದೊಡ್ಡ ಅರ್ಥವಿದೆ. ಸುಲಭವಾದ ಜಾಗಕ್ಕೆ ಒಂದು ಗುರುತು, ಕಾಲ ಕೆಳಗೆ ನೆಲವಿರುವುದು. ಮರಳ ನೆಲ ಎಂಟು ಹತ್ತು ಮೀಟರಿನಲ್ಲಿ ಇದ್ದರೆ, ತೇಲುವ ಹದ ತಪ್ಪಿದರೂ ಹೋಗಿ ಕೂರುವುದು ಅದರ ಮೇಲೆ. ಕೆಳಗೆ ನೆಲವಿಲ್ಲದ ಕಡಿದಾದ ಗೋಡೆಯ ಪಕ್ಕದಲ್ಲಿ ಹದ ತಪ್ಪಿದರೆ, ಎಷ್ಟು ಆಳಕ್ಕೆ ಜಾರಿದೆವೆಂಬುದು ಗಡಿಯಾರದ ಮುಳ್ಳು ನೋಡುವ ತನಕ ತಿಳಿಯದು. ಹಾಗೆಂದು ನೆಲದ ಮೇಲೆಲ್ಲ ಕಾಲೂರಬಹುದು ಎಂದಲ್ಲ. ಮರಳಿನ ಮೇಲೆ ಸರಿ, ಹವಳದ ಮೇಲೆ ಕೂಡದು. ಹವಳ ಕಲ್ಲಿನಂತೆ ಕಂಡರೂ ಜೀವವಿರುವ ಪ್ರಾಣಿಗಳ ಮನೆ. ಗುಂಡುಗುಂಡಾಗಿ ಬೆಳೆಯುವ ಜಾತಿಯ ಹವಳ ವರ್ಷಕ್ಕೆ ಬೆಳೆಯುವುದು ಒಂದು ಸೆಂಟಿಮೀಟರಿನಷ್ಟು. ನಮ್ಮ ಒಂದು ಒದೆತಕ್ಕೆ ಒಂದು ತಲೆಮಾರಿನ ಬೆಳವಣಿಗೆ ಮುರಿದು ಬೀಳಬಹುದು.

ಆಳದಷ್ಟೇ ಮುಖ್ಯವಾದದ್ದು ನೀರಿನ ಸೆಳೆತ. ಹನ್ನೆರಡು ಮೀಟರಿನ ಜಾಗವಾದರೂ ಸೆಳೆತ ಜೋರಾಗಿದ್ದರೆ ಅದು ಸುಲಭವಲ್ಲ. ಅಂಡಮಾನಿನ ಸುತ್ತ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದರಿಂದ ಇನ್ನೊಂದಕ್ಕೆ ತಿರುಗುವ ಹೊತ್ತಿನಲ್ಲಿ ನೀರು ಸ್ವಲ್ಪ ಹೊತ್ತು ತಣ್ಣಗಾಗುತ್ತದೆ. ಬಲ್ಲ ಬೋಧಕರು ಹೊಸಬರನ್ನು ಇಳಿಸಲು ಈ ಹೊತ್ತನ್ನು ಕಾಯುತ್ತಾರೆ. ಇನ್ನು ಅಮಾವಾಸ್ಯೆ, ಹುಣ್ಣಿಮೆಗಳ ಸುಮಾರಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿಗೆ ಬಂದು ಉಬ್ಬರ ಇಳಿತಗಳ ಅಂತರ ಹೆಚ್ಚುತ್ತದೆ. ನೀರಿನ ಓಟವೂ ಹೆಚ್ಚುತ್ತದೆ. ಅಷ್ಟಮಿಯ ಸುಮಾರಿನಲ್ಲಿ, ಒಂದೆರಡು ದಿನ ಆಚೆ ಈಚೆ, ಓಟ ಕಡಿಮೆ. ಆದುದರಿಂದ ವಿಮಾನದ ಟಿಕೆಟು ಕೊಳ್ಳುವ ಮುಂಚೆ ಪಂಚಾಂಗವನ್ನೊಮ್ಮೆ ನೋಡುವುದು ಒಳ್ಳೆಯದು. ರಾಹುಕಾಲಕ್ಕಾಗಿ ಬೇಡ, ತಿಥಿಗಾಗಿ ನೋಡಿ. ನಮ್ಮ ಕರಾವಳಿಯ ಮೀನುಗಾರರಿಗೆ ಈ ಲೆಕ್ಕ ಹೊಸದಲ್ಲ.

ತಿಥಿಯ ಜೊತೆಗೆ ಋತು. ಅಂಡಮಾನಿಗೆ ನೈಋತ್ಯ ಮಳೆಗಾಲ ಮೇ ತಿಂಗಳಲ್ಲಿ ಹಿಡಿಯುತ್ತದೆ. ಆಗ ಅಲೆ ಏಳುತ್ತದೆ, ನೀರು ಕದಡುತ್ತದೆ. ಡಿಸೆಂಬರಿನ ಕೊನೆಯಿಂದ ಏಪ್ರಿಲ್‌ವರೆಗಿನ ಕಾಲ ಸಾಮಾನ್ಯವಾಗಿ ಶಾಂತ. ನೀರು ಬೆಚ್ಚಗಿರುತ್ತದೆ, ದೂರದವರೆಗೆ ಕಾಣುತ್ತದೆ. ಕಣ್ಣಿಗೆ ಹದಿನೈದು ಮೀಟರು ಕಾಣುವ ನೀರಿನಲ್ಲಿ ಹೊಸಬನಿಗೆ ಧೈರ್ಯವಿರುತ್ತದೆ; ಮೂರು ಮೀಟರು ಕಾಣುವ ನೀರಿನಲ್ಲಿ ಅದೇ ಮನುಷ್ಯ ಕಂಗಾಲಾಗುತ್ತಾನೆ.

ಮೂರನೆಯದು, ನೀರಿಗೆ ಇಳಿಯುವ ಬಗೆ. ದಡದಿಂದ ನಡೆದುಕೊಂಡು ಹೋಗಿ, ಎದೆಮಟ್ಟದ ನೀರಿನಲ್ಲಿ ನಿಂತು ಅಭ್ಯಾಸ ಮಾಡಿ, ಅಲ್ಲಿಂದ ಮೆಲ್ಲಗೆ ಜಾರುವುದು ಒಂದು ಬಗೆ. ದೋಣಿಯ ಅಂಚಿನಲ್ಲಿ ಕುಳಿತು ಹಿಂದಕ್ಕೆ ಉರುಳುವುದು ಇನ್ನೊಂದು. ಎರಡನೆಯದು ನೋಡುವುದಕ್ಕೆ ಭಯಂಕರ, ಮಾಡುವುದಕ್ಕೆ ಅಷ್ಟೇನೂ ಕಷ್ಟವಲ್ಲ. ಕಷ್ಟವಿರುವುದು ಮರಳಿ ಹತ್ತುವುದರಲ್ಲಿ. ಸಿಲಿಂಡರು, ಜಾಕೆಟ್ಟು, ಸೀಸದ ತೂಕ ಎಲ್ಲ ಸೇರಿ ಇಪ್ಪತ್ತು ಕಿಲೋಗ್ರಾಮಿಗೆ ಕಡಿಮೆಯಿಲ್ಲ. ನೀರಿನಲ್ಲಿ ಹಗುರ, ಏಣಿಯ ಮೇಲೆ ಮಣಭಾರ. ಮಂಡಿನೋವು, ಸೊಂಟನೋವು ಇರುವವರು ಸಲಕರಣೆಯನ್ನು ನೀರಿನಲ್ಲಿಯೇ ಬಿಚ್ಚಿ ಮೇಲಕ್ಕೆ ಎತ್ತಿಕೊಳ್ಳುತ್ತೀರಾ ಎಂದು ಮೊದಲೇ ಕೇಳಬಹುದು. ಒಳ್ಳೆಯ ಅಂಗಡಿಯವರು ಸಂತೋಷದಿಂದ ಒಪ್ಪುತ್ತಾರೆ.

ಈ ಅಳತೆಗೋಲುಗಳನ್ನು ಹಿಡಿದು ಒಂದು ದ್ವೀಪವನ್ನು ನೋಡೋಣ. ಅಂಡಮಾನಿನ ರಿಚೀಸ್ ದ್ವೀಪಸಮೂಹದಲ್ಲಿರುವ ಸ್ವರಾಜ್ ದ್ವೀಪಕ್ಕೆ ೨೦೧೮ರ ಡಿಸೆಂಬರಿನವರೆಗೆ ಹ್ಯಾವ್‌ಲಾಕ್ ಎಂದು ಹೆಸರಿತ್ತು. ೨೦೨೪ರಲ್ಲಿ ಶ್ರೀವಿಜಯಪುರವೆಂದು ಹೆಸರು ಬದಲಾದ ಪೋರ್ಟ್‌ಬ್ಲೇರಿನಿಂದ ಅಲ್ಲಿಗೆ ಹಡಗಿನಲ್ಲಿ ಹೋಗಬೇಕು. ಅದರ ಸುತ್ತಲಿನ ಜಾಗಗಳಲ್ಲಿ ‘ನೀಮೊ ರೀಫ್’ ಎಂಬುದು ದಡದಿಂದಲೇ ಇಳಿಯಬಹುದಾದ ತೆಳುನೀರಿನ ಜಾಗ. ೨೦೦೩ರ ‘ಫೈಂಡಿಂಗ್ ನೀಮೊ’ ಚಲನಚಿತ್ರವನ್ನು ಮಕ್ಕಳು ನೋಡಿರುತ್ತಾರೆ. ಅದರ ನಾಯಕನ ಜಾತಿಯ ಮೀನುಗಳು, ಕಡಲಹೂವಿನಂಥ ಪ್ರಾಣಿಗಳ ಬೆರಳುಗಳ ನಡುವೆ ಮನೆ ಮಾಡಿಕೊಂಡು, ಅಲ್ಲಿ ಕಾಣಸಿಗುತ್ತವೆ. ಮೊದಲ ಮುಳುಗಿಗೆ ಇಂಥ ಜಾಗ ಸಾಕು. ‘ಲೈಟ್‌ಹೌಸ್’ ಎಂಬುದು ಮರಳಿನ ಇಳಿಜಾರಿನ ಮೇಲೆ ಅಲ್ಲಲ್ಲಿ ಹವಳದ ಗುಡ್ಡೆಗಳಿರುವ ಜಾಗ. ತೆಳುನೀರಿನಿಂದ ಆರಂಭವಾಗಿ ನಿಧಾನವಾಗಿ ಆಳವಾಗುತ್ತದೆ. ಕಲಿಯುತ್ತಿರುವವರಿಗೆ ಒಪ್ಪುತ್ತದೆ. ‘ದಿ ವಾಲ್’ ಹೆಸರೇ ಹೇಳುವಂತೆ ಗೋಡೆ. ಮೇಲಂಚು ಹತ್ತು ಮೀಟರಿನ ಸುಮಾರಿನಲ್ಲಿದ್ದರೂ ಕೆಳಗೆ ಬಹಳ ಆಳಕ್ಕೆ ಇಳಿಯುತ್ತದೆ. ದಡಕ್ಕೆ ಹತ್ತಿರ ಎಂದು ಸುಲಭವೆಂದುಕೊಳ್ಳಬಾರದು. ‘ಡಿಕ್ಸನ್ಸ್ ಪಿನಕಲ್’, ‘ಜಾನೀಸ್ ಗಾರ್ಜ್’ ಎಂಬವು ತೆರೆದ ಸಮುದ್ರದಲ್ಲಿ, ಹೆಚ್ಚಿನ ಆಳದಲ್ಲಿ, ಸೆಳೆತಕ್ಕೆ ಎದುರಾಗಿ ಇರುವ ಜಾಗಗಳು. ಮೀನಿನ ಹಿಂಡುಗಳಿಗೆ ಪ್ರಸಿದ್ಧವಾದವು. ಹಲಗೆಯ ಮೇಲೆ ದೊಡ್ಡಕ್ಷರದಲ್ಲಿ ಕಾಣುವುದು ಇವುಗಳ ಹೆಸರೇ. ಪರಿಣತಿ ಬಂದ ಮೇಲೆ ಅವು ಕಾದಿರುತ್ತವೆ, ಎಲ್ಲಿಗೂ ಹೋಗುವುದಿಲ್ಲ.

ಇಲ್ಲಿ ಇನ್ನೊಂದು ಮಾತು. ೨೦೧೦ರಲ್ಲಿ ಸಮುದ್ರದ ನೀರು ಅತಿಯಾಗಿ ಕಾದು ಅಂಡಮಾನಿನ ಹವಳಗಳು ಬಹಳಷ್ಟು ಬಿಳಿಚಿಕೊಂಡವು. ೨೦೧೬ರಲ್ಲಿ ಮತ್ತೆ ಹಾಗಾಯಿತು. ತೆಳುನೀರಿನ ಹವಳಗಳಿಗೆ ಬಿಸಿಯ ಪೆಟ್ಟು ಹೆಚ್ಚು. ಆದುದರಿಂದ ತೆಳುನೀರಿನ ಎಲ್ಲ ಜಾಗವೂ ಚಿತ್ರದಲ್ಲಿ ಕಂಡಂತಿರುವುದಿಲ್ಲ. ‘ತೆಳುನೀರಿನಲ್ಲಿ ಈಗ ಜೀವ ಚೆನ್ನಾಗಿರುವುದು ಎಲ್ಲಿ?’ ಎಂದು ಕೇಳಿ. ನಿತ್ಯ ಇಳಿಯುವವರು ಅದನ್ನು ಬಲ್ಲರು.

ಅಷ್ಟು ದೂರ ಹೋಗಲಾರದವರಿಗೆ ನಮ್ಮ ರಾಜ್ಯದಲ್ಲಿಯೇ ನೇತ್ರಾಣಿ ಉಂಟು. ಮುರುಡೇಶ್ವರದ ದಡದಿಂದ ಇಪ್ಪತ್ತು ಕಿಲೋಮೀಟರಿನಷ್ಟು ದೂರದಲ್ಲಿರುವ ಕಲ್ಲಿನ ದ್ವೀಪ ಅದು. ಅಲ್ಲಿ ಇಳಿಯುವುದೆಲ್ಲ ದೋಣಿಯಿಂದ. ಮಳೆಗಾಲ ಕಳೆದ ಮೇಲಷ್ಟೇ. ತೆರೆದ ಸಮುದ್ರದಲ್ಲಿ ದೋಣಿಯ ಪ್ರಯಾಣವೇ ಕೆಲವರಿಗೆ ಹೊಟ್ಟೆ ತೊಳಸುತ್ತದೆ. ಘಟ್ಟದ ರಸ್ತೆಯಲ್ಲಿ ಬಸ್ಸಿನ ಕಿಟಕಿ ಬಿಡದವರು ಇದನ್ನು ಮೊದಲೇ ಯೋಚಿಸಿ, ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, ಬೆಳಗ್ಗೆ ಎರಡು ಇಡ್ಲಿಯಷ್ಟು ಹಗುರವಾದ ತಿಂಡಿ ತಿಂದು ಹೋಗಬೇಕು. ಖಾಲಿ ಹೊಟ್ಟೆಯೂ ಸಲ್ಲದು, ಮದ್ಯವಂತೂ ಕೂಡದೇ ಕೂಡದು.

ಇನ್ನು ನೀವು ಯಾರೆಂಬ ಪ್ರಶ್ನೆ. ಎಂದೂ ಇಳಿಯದವರಿಗೆ ಪರಿಚಯದ ಮುಳುಗು ಎಂದು ಒಂದು ಇದೆ. ಬೋಧಕನು ಜೊತೆಯಲ್ಲಿಯೇ ಇರುತ್ತಾನೆ. ಇದಕ್ಕೆ ೧೨ ಮೀಟರು ಕೊನೆಯ ಮಿತಿ. ಇದಕ್ಕೆ ಈಜು ಬರಲೇಬೇಕೆಂದು ಅನೇಕ ಕಡೆ ಕೇಳುವುದಿಲ್ಲ, ಬಂದರೆ ಧೈರ್ಯ. ಮೂರು ನಾಲ್ಕು ದಿನ ಪಾಠ ಕಲಿತು ಪ್ರಮಾಣಪತ್ರ ಪಡೆಯುವುದಾದರೆ ಈಜು ಬೇಕು. ಆಮೇಲೆ ೧೮ ಮೀಟರು, ಮುಂದಿನ ಪಾಠದ ಮೇಲೆ ೩೦ ಮೀಟರು. ಈ ಅಂಕಿಗಳು ಮುಟ್ಟಲೇಬೇಕಾದ ಗುರಿಗಳಲ್ಲ, ದಾಟಬಾರದ ಗೆರೆಗಳು. ಪರಿಚಯದ ಮುಳುಗಿಗೆ ಆರು ಏಳು ಮೀಟರು ಹೋಗಿ ಬಂದವರು ಏನನ್ನೂ ಕಳೆದುಕೊಂಡಿಲ್ಲ.

ಇಳಿಯುವ ಮುಂಚೆ ಆರೋಗ್ಯದ ಪ್ರಶ್ನೆಗಳಿರುವ ಒಂದು ಕಾಗದ ಕೊಡುತ್ತಾರೆ. ಉಬ್ಬಸ, ಹೃದಯದ ಕಾಯಿಲೆ, ಮೂರ್ಛೆ, ಕಿವಿಯ ಶಸ್ತ್ರಚಿಕಿತ್ಸೆ, ಈಗ ತೆಗೆದುಕೊಳ್ಳುತ್ತಿರುವ ಔಷಧಗಳು ಇತ್ಯಾದಿ. ಇದನ್ನು ಬ್ಯಾಂಕಿನ ಅರ್ಜಿಯಂತೆ ಎಲ್ಲದಕ್ಕೂ ‘ಇಲ್ಲ’ ಎಂದು ಗೀಚಿ ಕೊಡುವವರನ್ನು ನೋಡಿದ್ದೇನೆ. ಆ ಕಾಗದದಲ್ಲಿ ಸುಳ್ಳು ಬರೆದರೆ ಮೋಸಹೋಗುವವನು ಅಂಗಡಿಯವನಲ್ಲ. ಊರಿನಲ್ಲಿರುವಾಗಲೇ ನಿಮ್ಮ ವೈದ್ಯರನ್ನು ಕಂಡು ಕೇಳಿ. ಗರ್ಭಿಣಿಯರು ಇಳಿಯಲೇಬಾರದು. ದಡದ ಹತ್ತಿರ ಮುಖವಾಡ, ಉಸಿರುಕೊಳವೆ ಹಾಕಿಕೊಂಡು ಮೇಲೆ ತೇಲುತ್ತ ನೋಡುವವರಿಗೂ ಹವಳದ ತೋಟ ಕಾಣುತ್ತದೆ. ಆರೋಗ್ಯ ಸರಿಯಿರುವ ಹಿರಿಯರು ಶಾಂತ ನೀರಿನಲ್ಲಿ, ಒಬ್ಬರ ಜೊತೆಯಲ್ಲಿ, ಅದನ್ನು ಮಾಡಬಹುದು.

ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ಒಟ್ಟಿಗೆ ಹೇಳಿಬಿಡುತ್ತೇನೆ, ಬರೆದಿಟ್ಟುಕೊಂಡರೂ ಒಳ್ಳೆಯದೇ. ಈ ಜಾಗದಲ್ಲಿ ನೆಲ ಎಷ್ಟು ಆಳದಲ್ಲಿದೆ? ನಾವು ಇಳಿಯುವ ಹೊತ್ತಿಗೆ ಸೆಳೆತ ಹೇಗಿರುತ್ತದೆ? ಇಳಿಯುವುದು ದಡದಿಂದಲೋ ದೋಣಿಯಿಂದಲೋ, ಮತ್ತೆ ಹತ್ತುವುದು ಹೇಗೆ? ನಿನ್ನೆ ನೀರು ಎಷ್ಟು ದೂರ ಕಾಣುತ್ತಿತ್ತು? ಒಬ್ಬ ಬೋಧಕನಿಗೆ ಎಷ್ಟು ಜನ? ದೋಣಿಯಲ್ಲಿ ಆಮ್ಲಜನಕವಿದೆಯೆ, ಆಪತ್ತಾದರೆ ಎಲ್ಲಿಗೆ ಒಯ್ಯುತ್ತೀರಿ? ಇವಕ್ಕೆ ತಾಳ್ಮೆಯಿಂದ ಉತ್ತರ ಹೇಳುವವರ ಬಳಿ ಮುಳುಗಿ. ‘ಏನೂ ಆಗುವುದಿಲ್ಲ ಬನ್ನಿ’ ಎಂದಷ್ಟೇ ಹೇಳುವವರಿಗೆ ನಮಸ್ಕಾರ ಹೇಳಿ ಮುಂದಿನ ಅಂಗಡಿಗೆ ಹೋಗಿ.

ಕೊನೆಯ ದಿನದ ಲೆಕ್ಕವನ್ನೂ ಮರೆಯಬಾರದು. ನೀರಿನೊಳಗೆ ಒತ್ತಡದಲ್ಲಿ ಉಸಿರಾಡಿದಾಗ ಸಾರಜನಕ ಹೆಚ್ಚಾಗಿ ರಕ್ತಮಾಂಸಗಳಲ್ಲಿ ಕರಗುತ್ತದೆ. ನಿಧಾನವಾಗಿ ಮೇಲೆ ಬಂದರೆ ಅದು ಉಸಿರಿನ ಮೂಲಕ ಹೊರಟುಹೋಗುತ್ತದೆ; ಅವಸರ ಮಾಡಿದರೆ ಸೋಡಾ ಬಾಟಲಿ ತೆರೆದಂತೆ ಗುಳ್ಳೆಗಳಾಗುತ್ತದೆ. ಮೇಲೆ ಬಂದ ಮೇಲೂ ಅದು ಪೂರ್ತಿ ಹೋಗಲು ಹಲವು ಗಂಟೆಗಳು ಬೇಕು. ವಿಮಾನದೊಳಗೆ ಗಾಳಿಯ ಒತ್ತಡ ನೆಲದ ಮೇಲಿರುವುದಕ್ಕಿಂತ ಕಡಿಮೆ. ಆದುದರಿಂದ ಒಂದೇ ಮುಳುಗಾದರೆ ಕನಿಷ್ಠ ೧೨ ಗಂಟೆ, ಹಲವು ಮುಳುಗುಗಳಾದರೆ ಕನಿಷ್ಠ ೧೮ ಗಂಟೆ ಕಳೆದಲ್ಲದೆ ವಿಮಾನ ಹತ್ತಬಾರದೆಂದು ಸಲಹೆ. ಮುಳುಗನ್ನು ರಜೆಯ ಮೊದಲ ದಿನಗಳಲ್ಲಿಟ್ಟುಕೊಂಡು, ಕೊನೆಯ ದಿನವನ್ನು ಸೆಲ್ಯುಲರ್ ಜೈಲು ನೋಡುವುದಕ್ಕೂ ಪೇಟೆಗೂ ಬಿಟ್ಟರೆ ಲೆಕ್ಕ ಸರಿಹೋಗುತ್ತದೆ.

ನೀರಿನೊಳಗೆ ಮಾತಿಲ್ಲ, ಕೈಸನ್ನೆಯೇ ಭಾಷೆ. ಹೆಬ್ಬೆರಳೂ ತೋರುಬೆರಳೂ ಸೇರಿಸಿ ಸೊನ್ನೆ ಮಾಡಿದರೆ ‘ಸರಿಯಿದ್ದೇನೆ’ ಎಂದರ್ಥ. ನಮ್ಮಲ್ಲಿ ‘ಭೇಷ್’ ಎನ್ನುವುದಕ್ಕೆ ಹೆಬ್ಬೆರಳು ಎತ್ತುತ್ತೇವಲ್ಲ, ಅಲ್ಲಿ ಅದರ ಅರ್ಥ ‘ಮೇಲೆ ಹೋಗೋಣ’ ಎಂದು. ಸಂತೋಷ ತಡೆಯಲಾರದೆ ಹೆಬ್ಬೆರಳೆತ್ತಿದ ಎಷ್ಟೋ ಜನರನ್ನು ಬೋಧಕರು ಮರುಮಾತಿಲ್ಲದೆ ಮೇಲೆ ತಂದು ಬಿಟ್ಟಿದ್ದಾರೆ. ಇದರಲ್ಲಿ ತಮಾಷೆಯೂ ಇದೆ, ಭರವಸೆಯೂ ಇದೆ. ಏಕೆಂದರೆ ಮುಳುಗುವವರಲ್ಲಿ ಒಂದು ಕಟ್ಟಳೆ ಇದೆ: ಯಾರೇ ಆಗಲಿ, ಯಾವಾಗಲೇ ಆಗಲಿ, ಕಾರಣ ಹೇಳದೆ ಮುಳುಗನ್ನು ನಿಲ್ಲಿಸಬಹುದು. ದೋಣಿಯಲ್ಲಿ ಕುಳಿತು ‘ಇವತ್ತು ಬೇಡ’ ಎನ್ನಬಹುದು. ಮೂರು ಮೀಟರಿನಲ್ಲಿ ಹೆಬ್ಬೆರಳು ಎತ್ತಬಹುದು. ಯಾರೂ ನಗಬಾರದು, ಏಕೆಂದು ಕೇಳಬಾರದು.

ನಮ್ಮ ಮನೆಗಳಲ್ಲಿ ಈ ಕಟ್ಟಳೆಯನ್ನು ಹೊರಡುವ ಮುಂಚೆಯೇ ಒಪ್ಪಿಕೊಳ್ಳಬೇಕು. ಮಗನ ಬಲವಂತಕ್ಕೆ ತಾಯಿ, ಗೆಳೆಯರ ನಗೆಗೆ ಅಂಜಿ ಮಗ, ಕೊಟ್ಟ ಹಣಕ್ಕೆ ಅಂಜಿ ತಂದೆ ನೀರಿಗೆ ಇಳಿಯುವಂತಾಗಬಾರದು. ಇಳಿಯಬೇಕೆಂದು ಮನಸ್ಸಿರುವವರು ಶಾಂತವಾದ ದಿನ, ಕಾಲಿಗೆ ನೆಲ ಸಿಗುವ ಜಾಗ, ತಾಳ್ಮೆಯ ಬೋಧಕ, ಇವನ್ನು ನೋಡಿಕೊಂಡು ಇಳಿಯಿರಿ. ನಿಧಾನವಾಗಿ ಉಸಿರಾಡುತ್ತ ಒಂದೇ ಹವಳದ ಗುಡ್ಡೆಯ ಮುಂದೆ ಹತ್ತು ನಿಮಿಷ ನಿಂತು ನೋಡಿ. ಅದರೊಳಗಿಂದ ಒಂದೊಂದಾಗಿ ಹೊರಗೆ ಬರುವ ಜೀವಿಗಳನ್ನು ಎಣಿಸುತ್ತಿರುವಷ್ಟರಲ್ಲಿಯೇ ಮೇಲೇರುವ ಹೊತ್ತಾಗಿರುತ್ತದೆ.